ಇನ್ನೊಂದು ರೆಫರೆಂಡಮ್ ಬರುತ್ತೋ ಇಲ್ವೋ, ನಿಮ್ಮ ಹೆಸರು ಪಟ್ಟಿಯಲ್ಲಿದೆಯಾ?

ಸ್ಕಾಟ್ಲೆಂಡಿಗೆ ಹೊಸದಾಗಿ ಬಂದ ಕನ್ನಡಿಗರು ಒಂದು ಪ್ರಶ್ನೆ ಕೇಳದೇ ಬಿಡುವುದಿಲ್ಲ. "ಇವರು ಬೇರೆ ದೇಶ ಆಗಿಬಿಟ್ಟರೆ ನಮ್ಮ ವೀಸಾ ಗತಿ ಏನು?" ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಬೇಕೇ ಎಂದು ಜನರನ್ನೇ ಕೇಳುವ ಮತದಾನಕ್ಕೆ ಇಲ್ಲಿ ರೆಫರೆಂಡಮ್ ಅನ್ನುತ್ತಾರೆ. ಟಿವಿಯಲ್ಲಿ ಯಾರಾದರೂ ಮಂತ್ರಿ "ಇನ್ನೊಂದು ರೆಫರೆಂಡಮ್" ಅಂದರೆ ಸಾಕು, ಆ ಸಂಜೆ ವಾಟ್ಸಾಪ್ ಗುಂಪಿನಲ್ಲಿ ಅದೇ ಮಾತು. ಮನೆ ಕೊಳ್ಳುವುದೋ ಬೇಡವೋ, ಈಗಲೇ ಇಂಗ್ಲೆಂಡಿಗೆ ಹೊರಟುಬಿಡುವುದೋ ಎನ್ನುವವರೆಗೆ ಚರ್ಚೆ ಹೋಗುತ್ತದೆ. ಅದೇ ಗುಂಪಿನಲ್ಲಿ "ನಿಮ್ಮಲ್ಲಿ ಎಷ್ಟು ಜನರ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿದೆ?" ಎಂದು ಕೇಳಿ ನೋಡಿ. ಯಾರೂ ಮಾತಾಡುವುದಿಲ್ಲ. ಕೊನೆಗೆ ಒಬ್ಬರು ಬರೆಯುತ್ತಾರೆ: "ನಮ್ಮದು ಇಂಡಿಯನ್ ಪಾಸ್‌ಪೋರ್ಟ್ ಸಾರ್, ನಮಗೆಲ್ಲಿಯ ಓಟು?"

ಓಟು ಇದೆ. ಸ್ಟೂಡೆಂಟ್ ವೀಸಾ, ಕೆಲಸದ ವೀಸಾ, ಡಿಪೆಂಡೆಂಟ್ ವೀಸಾ, ಯಾವುದಾದರೂ ಸರಿ. ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿ ಕಾನೂನುಬದ್ಧವಾಗಿ ವಾಸ ಮಾಡುವ ಕಾಮನ್‌ವೆಲ್ತ್ ಪ್ರಜೆಗೆ ಬ್ರಿಟನ್ನಿನ ಎಲ್ಲ ಚುನಾವಣೆಗಳಲ್ಲೂ ಮತದ ಹಕ್ಕಿದೆ. ಬ್ರಿಟಿಷ್ ಪಾಸ್‌ಪೋರ್ಟ್ ಬರುವವರೆಗೆ ಕಾಯಬೇಕಾಗಿಲ್ಲ, ಐಎಲ್‌ಆರ್ (ಇಲ್ಲೇ ಕಾಯಂ ನೆಲೆಸುವ ಅನುಮತಿ) ಕೂಡ ಬೇಕಿಲ್ಲ. ಈ ಒಂದು ವಿಷಯ ಗೊತ್ತಿಲ್ಲದೆ ನಮ್ಮವರು ಓಟು ಕಳೆದುಕೊಂಡಿದ್ದಾರೆ. ಓಟು ಹೋದರೆ ಹೋಗಲಿ ಅನ್ನುವವರು ಕೈಯಿಂದ ದುಡ್ಡೂ ಕಳೆದುಕೊಂಡಿದ್ದಾರೆ. ಅದು ಹೇಗೆಂದು ಕೆಳಗೆ ಬರೆದಿದ್ದೇನೆ, ಸ್ವಲ್ಪ ಉದ್ದವಾಗಿಯೇ.

2014ರಲ್ಲಿ ಯಾರು ಓಟು ಹಾಕಿದರು?

2014ರ ಸೆಪ್ಟೆಂಬರ್ 18ರಂದು ಇಲ್ಲಿ ಕೇಳಿದ ಪ್ರಶ್ನೆ ಒಂದೇ. ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ? ಶೇ 55.3 ಜನ ಬೇಡ ಎಂದರು, ಶೇ 44.7 ಜನ ಬೇಕು ಎಂದರು. ಶೇ 84.6ರಷ್ಟು ಮತದಾನವಾಯಿತು. ಒಟ್ಟು 32 ಕೌನ್ಸಿಲ್ (ಸ್ಥಳೀಯ ಆಡಳಿತ) ಪ್ರದೇಶಗಳಲ್ಲಿ ಯೆಸ್ ಗೆದ್ದದ್ದು ಗ್ಲಾಸ್ಗೊ, ಡಂಡೀ, ನಾರ್ತ್ ಲಾನಾರ್ಕ್‌ಶೈರ್, ವೆಸ್ಟ್ ಡನ್‌ಬಾರ್ಟನ್‌ಶೈರ್ ನಾಲ್ಕರಲ್ಲಿ ಮಾತ್ರ. ಇಷ್ಟನ್ನು ಟಿವಿಯವರು ಹೇಳುತ್ತಲೇ ಇರುತ್ತಾರೆ.

ಅವರು ಹೇಳದೇ ಬಿಡುವುದು ಮತದಾರರು ಯಾರು ಎಂಬುದನ್ನು. ಆಗ ಹುಟ್ಟಿದ ಊರು ಯಾವುದು, ರಕ್ತ ಯಾರದು ಎಂದು ಯಾರೂ ಕೇಳಲಿಲ್ಲ. ಸ್ಕಾಟ್ಲೆಂಡಿನಲ್ಲಿ ವಾಸವಿರುವ ಬ್ರಿಟಿಷ್, ಕಾಮನ್‌ವೆಲ್ತ್, ಯುರೋಪಿಯನ್ ಯೂನಿಯನ್ ಪ್ರಜೆಗಳಿಗೆಲ್ಲ ಓಟಿತ್ತು. 16 ತುಂಬಿದ ಮಕ್ಕಳೂ ಓಟು ಹಾಕಿದರು. ಇನ್ವರ್ನೆಸ್‌ನಲ್ಲಿ ಹುಟ್ಟಿ ಬೆಳೆದು ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಸ್ಕಾಟ್ ಮನುಷ್ಯನಿಗೆ ಓಟಿರಲಿಲ್ಲ. ಹುಬ್ಬಳ್ಳಿಯಿಂದ ಹಿಂದಿನ ವರ್ಷವಷ್ಟೇ ಅಬರ್ಡೀನಿನ ಎಣ್ಣೆ ಕಂಪನಿಗೆ ಬಂದ ಎಂಜಿನಿಯರಿಗೆ ಓಟಿತ್ತು. ಅಂದರೆ ಬ್ರಿಟನ್ ಒಂದಾಗಿರಬೇಕೋ ಒಡೆಯಬೇಕೋ ಎಂದು ಹೇಳುವ ಅಧಿಕಾರ ಭಾರತದ ಪಾಸ್‌ಪೋರ್ಟಿನವರ ಕೈಯಲ್ಲಿತ್ತು!

ಇದು ಸರಿಯಾ ತಪ್ಪಾ ಎಂದು ನನ್ನ ಸ್ಕಾಟಿಷ್ ಸಹೋದ್ಯೋಗಿಗಳೇ ಜಗಳ ಆಡುತ್ತಾರೆ. ನನಗೆ ಸರಿ ಅನ್ನಿಸುತ್ತದೆ. ಇಲ್ಲಿ ತೆರಿಗೆ ಕಟ್ಟುವವರು, ಇಲ್ಲಿನ ಆಸ್ಪತ್ರೆಯಲ್ಲಿ ಕ್ಯೂ ನಿಲ್ಲುವವರು, ಇಲ್ಲಿನ ಶಾಲೆಗೆ ಮಕ್ಕಳನ್ನು ಕಳಿಸುವವರು ತೀರ್ಮಾನ ಮಾಡಲಿ. ಆದರೆ ಯುರೋಪಿಯನ್ ಯೂನಿಯನ್ ಬಿಡಬೇಕೇ ಎಂದು ಕೇಳಿದ 2016ರ ಬ್ರೆಕ್ಸಿಟ್ ಮತದಾನದಲ್ಲಿ ಲೆಕ್ಕ ತಿರುಗಿತು. ಅಲ್ಲಿ ನಮಗೆ ಓಟಿತ್ತು, ಇಲ್ಲೇ ನೆಲೆಸಿದ್ದ ಪೋಲೆಂಡಿನ, ಸ್ಪೇನಿನ ಜನರಿಗೆ ಇರಲಿಲ್ಲ. ಯಾರ ಬದುಕು ಜಾಸ್ತಿ ಬದಲಾಗುತ್ತಿತ್ತೋ ಅವರನ್ನೇ ಹೊರಗಿಟ್ಟು ನಡೆಸಿದ ಮತದಾನ ಅದು. 2020ರಲ್ಲಿ ಸ್ಕಾಟಿಷ್ ಪಾರ್ಲಿಮೆಂಟು ತನ್ನ ಚುನಾವಣೆಗಳ ಮಟ್ಟಿಗೆ ಇದನ್ನು ಸರಿಪಡಿಸಿತು. ಯಾವ ದೇಶದವರಾದರೂ ಸರಿ, ಕಾನೂನುಬದ್ಧವಾಗಿ ಇಲ್ಲಿದ್ದರೆ ಪಾರ್ಲಿಮೆಂಟಿಗೂ ಕೌನ್ಸಿಲ್‌ಗೂ ಓಟು ಹಾಕಬಹುದು.

ಹೆಡ್‌ಲೈನ್ ಬೇರೆ, ದಿನಾಂಕ ಬೇರೆ

"ಇಂಡಿರೆಫ್ 2", ಅಂದರೆ ಎರಡನೇ ಸ್ವಾತಂತ್ರ್ಯ ರೆಫರೆಂಡಮ್, ಎಂಬ ಸುದ್ದಿ ಬಂದಾಗೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳಿ. ಸೆಕ್ಷನ್ 30 ಆದೇಶ ಆಗಿದೆಯಾ?

1998ರ ಸ್ಕಾಟ್ಲೆಂಡ್ ಕಾಯ್ದೆಯಲ್ಲಿ ಲಂಡನ್ ಯಾವ ವಿಷಯಗಳನ್ನು ತನ್ನ ಬಳಿ ಇಟ್ಟುಕೊಂಡಿದೆ ಎಂಬ ಪಟ್ಟಿ ಇದೆ. ರಕ್ಷಣೆ, ವಿದೇಶಾಂಗ, ವಲಸೆ, ಕರೆನ್ಸಿ. ಸ್ಕಾಟ್ಲೆಂಡ್-ಇಂಗ್ಲೆಂಡ್ ಒಕ್ಕೂಟವೂ ಅದೇ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಎಡಿನ್‌ಬರೊಗೆ, ಅಂದರೆ ಸ್ಕಾಟಿಷ್ ಪಾರ್ಲಿಮೆಂಟಿಗೆ, ಸೇರಿದ್ದು. ನಮ್ಮಲ್ಲಿ ಉಲ್ಟಾ ಅಲ್ವಾ? ಸಂವಿಧಾನದ ಏಳನೇ ಷೆಡ್ಯೂಲಿನ ಮೂರು ಪಟ್ಟಿಗಳಲ್ಲಿ ಎಲ್ಲೂ ಇಲ್ಲದ ವಿಷಯ ನೇರ ದಿಲ್ಲಿಗೆ ಹೋಗುತ್ತದೆ. ಈ ಒಂದು ವಿಷಯದಲ್ಲಿ ಇವರ ವ್ಯವಸ್ಥೆ ನಮ್ಮದಕ್ಕಿಂತ ಚೆನ್ನಾಗಿದೆ ಎಂದು ನಾನು ಯಾರ ಮುಂದೆ ಬೇಕಾದರೂ ವಾದಿಸುತ್ತೇನೆ. ಆದರೆ ಇವರಿಗೆ ಲಿಖಿತ ಸಂವಿಧಾನ ಇಲ್ಲ. ಲಂಡನ್ನಿನ ಪಾರ್ಲಿಮೆಂಟು ಮನಸ್ಸು ಮಾಡಿದರೆ ಆ ಕಾಯ್ದೆಯನ್ನೇ ಬದಲಿಸಬಹುದು. ಆ ಮಟ್ಟಿಗೆ ನಮ್ಮ ರಾಜ್ಯಗಳೇ ಹೆಚ್ಚು ಗಟ್ಟಿ.

ಒಕ್ಕೂಟದ ವಿಷಯದಲ್ಲಿ ಎಡಿನ್‌ಬರೊ ಮತದಾನ ನಡೆಸಬೇಕಾದರೆ ಲಂಡನ್ ಆ ಅಧಿಕಾರವನ್ನು ತಾತ್ಕಾಲಿಕವಾಗಿ ಬಿಟ್ಟುಕೊಡಬೇಕು. ಅದೇ ಸೆಕ್ಷನ್ 30 ಆದೇಶ. 2012ರ ಅಕ್ಟೋಬರ್ 15ರಂದು ಆಗಿನ ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರನ್ ಮತ್ತು ಸ್ಕಾಟ್ಲೆಂಡಿನ ಫಸ್ಟ್ ಮಿನಿಸ್ಟರ್ (ಇಲ್ಲಿನ ಮುಖ್ಯಮಂತ್ರಿ) ಅಲೆಕ್ಸ್ ಸಾಮಂಡ್ ಎಡಿನ್‌ಬರೊ ಒಪ್ಪಂದಕ್ಕೆ ಸಹಿ ಹಾಕಿದ್ದು ಇದಕ್ಕಾಗಿಯೇ. ಆ ಆದೇಶಕ್ಕೆ ಅವಧಿಯೂ ಇತ್ತು, 2014 ಮುಗಿಯುವುದರೊಳಗೆ ಮತದಾನ ಆಗಬೇಕಿತ್ತು. ಆಯಿತು, ಅಧಿಕಾರ ಮರಳಿ ಲಂಡನ್ನಿಗೆ ಹೋಯಿತು.

ಅಲ್ಲಿಂದೀಚೆಗೆ ಕೇಳುವುದು, ಇಲ್ಲ ಅನ್ನುವುದು, ಇದೇ ನಡೆದಿದೆ. 2016ರಲ್ಲಿ ಸ್ಕಾಟ್ಲೆಂಡಿನ ಶೇ 62 ಜನ ಯುರೋಪಿಯನ್ ಯೂನಿಯನ್ನಿನಲ್ಲೇ ಇರೋಣ ಎಂದರೂ ಬ್ರಿಟನ್ ಹೊರಬಂತು. ಪರಿಸ್ಥಿತಿ ಬದಲಾಗಿದೆ, ಮತ್ತೆ ಕೇಳುವ ಹಕ್ಕು ನಮಗಿದೆ ಎಂದು 2017ರಲ್ಲಿ ಆಗಿನ ಫಸ್ಟ್ ಮಿನಿಸ್ಟರ್ ನಿಕೋಲಾ ಸ್ಟರ್ಜನ್ ಪತ್ರ ಬರೆದರು. ಇದು ಸಮಯವಲ್ಲ ಎಂದರು ಆಗಿನ ಪ್ರಧಾನಿ ತೆರೇಸಾ ಮೇ. 2019ರ ಡಿಸೆಂಬರಿನಲ್ಲಿ ಮತ್ತೆ ಕೇಳಿದರು, ಬೋರಿಸ್ ಜಾನ್ಸನ್ ಆಗಲ್ಲ ಎಂದರು. 2022ರ ಜೂನ್‌ನಲ್ಲಿ ಸ್ಟರ್ಜನ್ ಒಂದು ಹೆಜ್ಜೆ ಮುಂದೆ ಹೋಗಿ 2023ರ ಅಕ್ಟೋಬರ್ 19 ಎಂದು ದಿನಾಂಕವನ್ನೇ ಘೋಷಿಸಿದರು. ಸೈಟಿನ ಖಾತೆ ಆಗುವ ಮುಂಚೆಯೇ ಗೃಹಪ್ರವೇಶದ ಕಾರ್ಡು ಹಂಚಿದ ಹಾಗಿತ್ತು. ಲಂಡನ್ ಒಪ್ಪದೆಯೂ ಮತದಾನ ನಡೆಸಬಹುದೇ ಎಂಬ ಪ್ರಶ್ನೆಯನ್ನು ಸ್ಕಾಟಿಷ್ ಸರ್ಕಾರದ ಮುಖ್ಯ ಕಾನೂನು ಅಧಿಕಾರಿ, ಲಾರ್ಡ್ ಅಡ್ವೊಕೇಟ್ ಡೊರೊತಿ ಬೇನ್ ಸುಪ್ರೀಂ ಕೋರ್ಟಿಗೆ ಒಯ್ದರು. ನವೆಂಬರ್ 23ರಂದು ಐವರು ನ್ಯಾಯಾಧೀಶರು ಒಮ್ಮತದಿಂದ ತೀರ್ಪು ಕೊಟ್ಟರು: ಬರೀ ಅಭಿಪ್ರಾಯ ಕೇಳುವ ಮತದಾನವಾದರೂ ಅದು ಒಕ್ಕೂಟಕ್ಕೆ ಸಂಬಂಧಿಸಿದ್ದೇ, ಎಡಿನ್‌ಬರೊಗೆ ಆ ಅಧಿಕಾರ ಇಲ್ಲ.

ಕಾನೂನಿನ ದಾರಿ ಅಲ್ಲಿಗೆ ಮುಚ್ಚಿತು. ಉಳಿದದ್ದು ರಾಜಕೀಯ. ಹಾಗಾದರೆ ಜನ ಯಾವಾಗ "ಮತ್ತೆ ಕೇಳಿ" ಎಂದು ಹೇಳಿದ ಹಾಗೆ? ಜಗಳ ಇರುವುದು ಇಲ್ಲೇ. 2011ರಲ್ಲಿ ಸ್ವಾತಂತ್ರ್ಯ ಬೇಕೆನ್ನುವ ಎಸ್‌ಎನ್‌ಪಿ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ) ಸ್ಕಾಟಿಷ್ ಪಾರ್ಲಿಮೆಂಟಿನ 129ರಲ್ಲಿ 69 ಸ್ಥಾನ ಗೆದ್ದಿತ್ತು, ಕ್ಯಾಮರನ್ ಒಪ್ಪಿದರು. 2021ರಲ್ಲಿ ಎಸ್‌ಎನ್‌ಪಿಯ 64, ಗ್ರೀನ್ಸ್ ಪಕ್ಷದ 8 ಸೇರಿ ಸ್ವಾತಂತ್ರ್ಯದ ಪರ ಬಹುಮತ ಇತ್ತು, ಲಂಡನ್ ಒಪ್ಪಲಿಲ್ಲ. 2025ರಲ್ಲಿ ಎಸ್‌ಎನ್‌ಪಿ ನಾಯಕ ಜಾನ್ ಸ್ವಿನ್ನಿ, 2011ರ ಹಾಗೆ ನಮ್ಮ ಪಕ್ಷಕ್ಕೊಂದಕ್ಕೇ ಬಹುಮತ ಬಂದರೆ ಅದೇ ಜನಾದೇಶ ಎಂಬ ವಾದ ಹಿಡಿದರು. ಸ್ವಾತಂತ್ರ್ಯ ಬೇಡ ಅನ್ನುವವರು 2014ರ ಮಾತು ನೆನಪಿಸುತ್ತಾರೆ: ತಲೆಮಾರಿಗೊಮ್ಮೆ ಬರುವ ಅವಕಾಶ ಎಂದು ನೀವೇ ಹೇಳಿದ್ದಿರಲ್ಲ? ಹೇಳಿದ್ದು ನಿಜ. ಎಡಿನ್‌ಬರೊ ಒಪ್ಪಂದದಲ್ಲಿ ಅಂಥ ಷರತ್ತು ಇಲ್ಲದ್ದೂ ನಿಜ.

ಉತ್ತರ ಐರ್ಲೆಂಡಿಗೆ ಕಾನೂನಿನಲ್ಲೇ ದಾರಿ ಬರೆದಿಟ್ಟಿದ್ದಾರೆ. ಅಲ್ಲಿನ ಬಹುಮತ ಐರ್ಲೆಂಡ್ ಸೇರಲು ಬಯಸುತ್ತಿದೆ ಎಂದು ಲಂಡನ್ನಿನ ಮಂತ್ರಿಗೆ ಕಂಡರೆ ಮತದಾನ ನಡೆಸಲೇಬೇಕು, ಎರಡು ಮತದಾನಗಳ ನಡುವೆ ಏಳು ವರ್ಷ ಅಂತರ ಇರಬೇಕು. ಸ್ಕಾಟ್ಲೆಂಡಿಗೆ ಅಂಥದ್ದೇನೂ ಇಲ್ಲ. ನನ್ನ ಕೇಳಿದರೆ ಇಡೀ ಚರ್ಚೆಯಲ್ಲಿ ದೊಡ್ಡ ಕೊರತೆ ಇದೇ. ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ಒಂದು ನಿಯಮ ಬರೆದಿಟ್ಟರೆ ಅರ್ಧ ಕೂಗಾಟ ನಿಲ್ಲುತ್ತದೆ.

ನಮ್ಮವರಿಗೆ ಇದೆಲ್ಲ ವಿಚಿತ್ರ ಅನ್ನಿಸುವುದು ಸಹಜ. ದೇಶ ಬಿಟ್ಟುಹೋಗುವ ಪ್ರಶ್ನೆಯನ್ನು ಓಟಿಗೆ ಹಾಕುವುದು ನಮ್ಮಲ್ಲಿ ಊಹೆಗೂ ನಿಲುಕದ ಮಾತು. 1963ರ ಹದಿನಾರನೇ ತಿದ್ದುಪಡಿಯ ನಂತರ ಚುನಾವಣೆಗೆ ನಿಲ್ಲುವ ಅಭ್ಯರ್ಥಿಯೇ ದೇಶದ ಸಾರ್ವಭೌಮತ್ವ, ಅಖಂಡತೆ ಕಾಪಾಡುತ್ತೇನೆಂದು ಪ್ರಮಾಣ ಮಾಡಬೇಕು. ರಾಜ್ಯಗಳ ಗಡಿಯನ್ನು ಕೂಡ ನಾವು ಜನರನ್ನು ಕೇಳಿ ಎಳೆದದ್ದು ಕಡಿಮೆ. 1956ರ ನವೆಂಬರ್ 1ರಂದು ನಮ್ಮ ರಾಜ್ಯ ಒಂದಾದದ್ದು ಪಾರ್ಲಿಮೆಂಟಿನ ಕಾಯ್ದೆಯಿಂದ. ಬೆಳಗಾವಿ, ಕಾಸರಗೋಡು ಜಗಳ ಆಯೋಗಕ್ಕೆ ಹೋಯಿತು, ಕೋರ್ಟಿಗೂ ಹೋಯಿತು, ಮತಪೆಟ್ಟಿಗೆಗೆ ಹೋಗಲಿಲ್ಲ. ಪಕ್ಕದ ಗೋವಾದಲ್ಲಿ ಮಾತ್ರ 1967ರ ಜನವರಿ 16ರಂದು ಮಹಾರಾಷ್ಟ್ರಕ್ಕೆ ಸೇರಬೇಕೋ ಬೇಡವೋ ಎಂದು ಜನರನ್ನೇ ಕೇಳಿದರು. ಬೇಡ ಎಂದರು, ಮಾತು ಅಲ್ಲಿಗೆ ಮುಗಿಯಿತು. ಹಾಗೆ ಮುಗಿಯುವ ಭಾಗ್ಯ ಸ್ಕಾಟ್ಲೆಂಡಿನ ಮತದಾನಕ್ಕೆ ಬರಲಿಲ್ಲ.

ಸುದ್ದಿ ನಂಬಿ ಮನೆ ಮುಂದೂಡಬೇಡಿ

2022ರ ಜೂನ್‌ನ ಆ ಘೋಷಣೆ ಕೇಳಿ ನಮ್ಮ ಪರಿಚಯದ ಒಂದು ದಂಪತಿ ಮನೆ ಕೊಳ್ಳುವುದನ್ನು ನಿಲ್ಲಿಸಿದರು. ಮನೆ ನೋಡಿ ಆಗಿತ್ತು, ಡಿಪಾಸಿಟ್ ಕೈಯಲ್ಲಿತ್ತು. "2023ರ ಅಕ್ಟೋಬರ್ ಕಳೀಲಿ, ಪೌಂಡ್ ಇರುತ್ತೋ ಇಲ್ವೋ ನೋಡೋಣ" ಎಂದರು. ಸೆಪ್ಟೆಂಬರಿನಲ್ಲಿ ಲಂಡನ್ನಿನ ಮಿನಿ ಬಜೆಟ್ ಬಂತು, ಸಾಲದ ಬಡ್ಡಿ ಏರಿತು. ನವೆಂಬರಿನಲ್ಲಿ ಕೋರ್ಟು ರೆಫರೆಂಡಮ್ ಬಾಗಿಲು ಹಾಕಿತು. ಅವರು ಹೆದರಿದ್ದು ಎಡಿನ್‌ಬರೊಗೆ, ಏಟು ಬಿದ್ದದ್ದು ಲಂಡನ್ನಿನಿಂದ. ಆಮೇಲೆ ಅದೇ ಬಡಾವಣೆಯಲ್ಲಿ ಮನೆ ತೆಗೆದುಕೊಂಡರು, ತಿಂಗಳ ಕಂತು ಮಾತ್ರ ಬೇರೆಯೇ ಆಗಿತ್ತು.

ಸೆಕ್ಷನ್ 30 ಆದೇಶ ಎರಡೂ ಪಾರ್ಲಿಮೆಂಟುಗಳಲ್ಲಿ ಪಾಸಾಗಬೇಕು. ಕಳೆದ ಸಲ ಒಪ್ಪಂದದಿಂದ ಮತದಾನಕ್ಕೆ ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಒಂದು ವೇಳೆ ಯೆಸ್ ಗೆದ್ದಿದ್ದರೂ ಬೇರೆಯಾಗಲು ಇನ್ನೂ ಒಂದೂವರೆ ವರ್ಷ ಎಂದು ಆಗಿನ ಸ್ಕಾಟಿಷ್ ಸರ್ಕಾರ ಹೇಳಿತ್ತು, 2016ರ ಮಾರ್ಚಿಗೆ. ಇಷ್ಟು ಸಮಯ ನಿಮಗೆ ಸಿಗುತ್ತದೆ. ರಾತ್ರೋರಾತ್ರಿ ಏನೂ ಆಗುವುದಿಲ್ಲ.

ಪಟ್ಟಿಯ ಕಥೆ

ಈಗ ಮುಖ್ಯ ವಿಷಯ. ಇದನ್ನು ಓದಿ ಉಳಿದದ್ದು ಮರೆತರೂ ಪರವಾಗಿಲ್ಲ.

ಹೊಸಬರು ಮನೆ ಬಾಡಿಗೆಗೆ ಹಿಡಿಯುತ್ತಾರೆ. ಕೌನ್ಸಿಲ್ ಟ್ಯಾಕ್ಸಿಗೆ ಹೆಸರು ಕೊಡುತ್ತಾರೆ. ಜಿಪಿ (ಬಡಾವಣೆಯ ಡಾಕ್ಟರು) ಹತ್ತಿರ ನೋಂದಣಿ ಮಾಡಿಸುತ್ತಾರೆ. ಬ್ಯಾಂಕಿಗೆ ವಿಳಾಸ ಕೊಡುತ್ತಾರೆ. ಸರ್ಕಾರಕ್ಕೆ ನಮ್ಮ ಬಗ್ಗೆ ಎಲ್ಲ ಗೊತ್ತಾಯಿತು ಎಂದು ಸುಮ್ಮನಾಗುತ್ತಾರೆ. ಗೊತ್ತಾಗಿಲ್ಲ. ಇಲ್ಲಿ ಆಧಾರ್ ಥರ ಎಲ್ಲವನ್ನೂ ಜೋಡಿಸುವ ನಂಬರ್ ಇಲ್ಲ. ಕೌನ್ಸಿಲ್ ಟ್ಯಾಕ್ಸ್ ಕಟ್ಟಿದ ಮಾತ್ರಕ್ಕೆ ಮತದಾರರ ಪಟ್ಟಿಗೆ ಹೆಸರು ಹೋಗುವುದಿಲ್ಲ. ಅದನ್ನು ನೀವೇ ಬೇರೆಯಾಗಿ ಮಾಡಬೇಕು. ಮನೆ ಬದಲಿಸಿದಾಗಲೆಲ್ಲ ಮತ್ತೆ ಮಾಡಬೇಕು. ಲೀಡ್ಸ್‌ನಿಂದಲೋ ರೆಡಿಂಗ್‌ನಿಂದಲೋ ಇಲ್ಲಿಗೆ ಬಂದವರ ಹೆಸರು ಹಳೇ ಮನೆಯಲ್ಲೇ ಕೂತಿರುತ್ತದೆ. ಅದು ತಾನಾಗಿ ಹಿಂದೆ ಬರಲ್ಲ.

ಹೆಸರಿಲ್ಲದಿದ್ದರೆ ಏನು ನಷ್ಟ? ಸಾಲ ಕೊಡುವವರು ನಿಮ್ಮ ಗುರುತು, ವಿಳಾಸ ಪರೀಕ್ಷಿಸುವುದು ಬಹುಮಟ್ಟಿಗೆ ಈ ಪಟ್ಟಿಯಿಂದ. ಕ್ರೆಡಿಟ್ ಸ್ಕೋರ್ ಲೆಕ್ಕ ಹಾಕುವ ಏಜೆನ್ಸಿಗಳಿಗೆ ಪೂರ್ಣ ಪಟ್ಟಿ ಸಿಗುತ್ತದೆ. ಸಂಬಳ ಚೆನ್ನಾಗಿದೆ, ಒಂದು ಕಂತೂ ತಪ್ಪಿಸಿಲ್ಲ, ಆದರೂ ಮೊಬೈಲ್ ಕಾಂಟ್ರಾಕ್ಟ್ ಸಿಗದೆ ಒದ್ದಾಡುವ ನಮ್ಮ ಹುಡುಗರನ್ನು ಕೇಳಿ, ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಮನೆ ಸಾಲದಲ್ಲಿ ಇದು ಇನ್ನೂ ದುಬಾರಿ. ನನ್ನ ಸ್ನೇಹಿತರೊಬ್ಬರಿಗೆ ಬಡ್ಡಿ ದರ ನಿಗದಿಯಾಗಿತ್ತು. ವಿಳಾಸದ ಪರೀಕ್ಷೆಯಲ್ಲಿ ಅರ್ಜಿ ನಿಂತಿತು. ಪತ್ರ ಕೊಡು, ಬಿಲ್ಲು ಕೊಡು ಎಂದು ವಾರಗಳು ಹೋದವು. ಅಷ್ಟರಲ್ಲಿ ಆ ದರದ ಅವಧಿ ಮುಗಿಯಿತು, ಹೊಸ ದರ ಜಾಸ್ತಿಯಾಗಿತ್ತು. ಐದು ವರ್ಷ ಅವರು ಆ ವ್ಯತ್ಯಾಸ ಕಟ್ಟಬೇಕು. ಆನ್‌ಲೈನ್ ಅರ್ಜಿ ತುಂಬಲು ಐದು ನಿಮಿಷ ಸಾಕಾಗಿತ್ತು.

ಅರ್ಜಿ ಸರ್ಕಾರದ ಗವ್ ಡಾಟ್ ಯುಕೆ (gov.uk) ತಾಣದಲ್ಲಿದೆ. ನ್ಯಾಷನಲ್ ಇನ್ಶುರೆನ್ಸ್ ನಂಬರ್ ಕೇಳುತ್ತದೆ. ಅದಿನ್ನೂ ಬಂದಿಲ್ಲದವರು ಇಲ್ಲ ಎಂದು ಬರೆದು ಅರ್ಜಿ ಹಾಕಬಹುದು, ಆಮೇಲೆ ಪಾಸ್‌ಪೋರ್ಟಿನಂಥ ದಾಖಲೆ ಕೇಳುತ್ತಾರೆ. ನೀವು ಕೊಟ್ಟ ಹೆಸರು, ಹುಟ್ಟಿದ ದಿನ, ನಂಬರ್ ಮೂರನ್ನೂ ಸರ್ಕಾರದ ದಾಖಲೆ ಜೊತೆ ತಾಳೆ ನೋಡುತ್ತಾರೆ. ನಮ್ಮವರು ಎಡವುವುದು ಇಲ್ಲಿ.

ನಮಗೆ ಸರ್‌ನೇಮ್ ಎಂಬುದು ಹಲವರ ಮನೆಯಲ್ಲಿ ಇಲ್ಲ. ಇನಿಷಿಯಲ್ ಇದೆ. ಒಂದು ಅಕ್ಷರ ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪನ ಹೆಸರು ಸರ್‌ನೇಮ್ ಆಗಿರುತ್ತದೆ. ಬ್ಯಾಂಕಿನಲ್ಲಿ "ಮಂಜುನಾಥ ಬಿ", ಪಾಸ್‌ಪೋರ್ಟಿನಲ್ಲಿ "ಮಂಜುನಾಥ ಬಸಪ್ಪ", ಆಫೀಸಿನಲ್ಲಿ ಬರೀ "ಮಂಜು". ಇವು ಮೂರು ಬೇರೆ ಮನುಷ್ಯರು ಎಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ಒಂದು ಹೆಸರು ಹಿಡಿಯಿರಿ, ಪಾಸ್‌ಪೋರ್ಟಿನದ್ದನ್ನೇ ಹಿಡಿಯಿರಿ. ಎಲ್ಲ ಕಡೆ ಅದನ್ನೇ ಬರೆಯಿರಿ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಂಡವರಂತೂ ಎರಡು ಸಲ ನೋಡಿ.

ಇನ್ನೊಂದು ವಿಳಾಸ. ಇಲ್ಲಿನ ಹಳೇ ಕಲ್ಲಿನ ಕಟ್ಟಡಗಳಲ್ಲಿ, ಇವರು ಟೆನೆಮೆಂಟ್ ಅನ್ನುತ್ತಾರೆ, ಒಂದೇ ಬಾಗಿಲು, ಒಂದೇ ಮೆಟ್ಟಿಲು, ಒಳಗೆ ಎಂಟು ಹತ್ತು ಮನೆ. ಎಡಿನ್‌ಬರೊದಲ್ಲಿ ಎರಡನೇ ಮಹಡಿಯ ಮೊದಲ ಮನೆಯನ್ನು "2ಎಫ್1" ಎಂದು ಬರೆಯುತ್ತಾರೆ. ಗ್ಲಾಸ್ಗೊದಲ್ಲಿ ಅದೇ "2/1". ಬ್ಯಾಂಕಿನ ಕಂಪ್ಯೂಟರಿನಲ್ಲಿ ಅದೇ ಮನೆ "ಫ್ಲಾಟ್ 5" ಆಗಿರುತ್ತದೆ. ಪಟ್ಟಿಯಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು. ಹೆಸರಿದ್ದೂ ಇಲ್ಲದ ಹಾಗೆ. ಪಟ್ಟಿಯಲ್ಲಿ ಹೇಗಿದೆಯೋ ಹಾಗೆ ಬ್ಯಾಂಕಿನಲ್ಲೂ ಬದಲಿಸಿಕೊಳ್ಳಿ. ಬ್ಯಾಂಕಿನವರು "ಎರಡೂ ಒಂದೇ, ಬಿಡಿ" ಅಂದರೆ ಬಿಡಬೇಡಿ.

ವರ್ಷಕ್ಕೊಮ್ಮೆ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುವ ಪತ್ರ ಬರುತ್ತದೆ. ಅದು ಕೌನ್ಸಿಲ್ ಹೆಸರಿನಲ್ಲೇ ಬರಬೇಕೆಂದಿಲ್ಲ. ಎಡಿನ್‌ಬರೊ ಸುತ್ತ ಅದು ಬರುವುದು ಲೋಥಿಯನ್ ವ್ಯಾಲ್ಯುಯೇಶನ್ ಜಾಯಿಂಟ್ ಬೋರ್ಡಿನಿಂದ. ಯಾವುದೋ ಆಸ್ತಿ ಮೌಲ್ಯದ ಕಾಗದ, ಮನೆ ಓನರಿಗೆ ಬಂದದ್ದು ಎಂದುಕೊಂಡು ಕಸದ ಬುಟ್ಟಿಗೆ ಹಾಕುತ್ತಾರೆ. ನಾನೂ ಒಂದು ಕಾಲದಲ್ಲಿ ಹಾಕಿದವನೇ. ನೋಂದಾಯಿಸಿ ಎಂದು ಅಧಿಕಾರಿಯಿಂದ ನೋಟಿಸ್ ಬಂದ ಮೇಲೂ ಸುಮ್ಮನಿದ್ದರೆ 80 ಪೌಂಡ್ ದಂಡ ಹಾಕುವ ಅಧಿಕಾರ ಅವರಿಗಿದೆ.

"ಹೆಸರು ಕೊಟ್ಟರೆ ಜಾಹೀರಾತಿನ ಕಾಗದ ಬಂದು ಬೀಳುತ್ತದಂತೆ" ಎಂದು ಹೆದರುವವರಿಗೆ ಒಂದು ಮಾತು. ಪಟ್ಟಿ ಎರಡಿದೆ, ಪೂರ್ಣ ಪಟ್ಟಿ ಮತ್ತು ಓಪನ್ ರಿಜಿಸ್ಟರ್. ದುಡ್ಡು ಕೊಟ್ಟು ಯಾರು ಬೇಕಾದರೂ ಕೊಳ್ಳಬಹುದಾದದ್ದು ಎರಡನೆಯದು. ಅರ್ಜಿಯಲ್ಲೇ ಅದರಿಂದ ಹೊರಗಿರಬಹುದು. ಹೊರಗಿದ್ದರೂ ಓಟಿಗೆ, ಸಾಲಕ್ಕೆ ಏನೂ ತೊಂದರೆಯಿಲ್ಲ.

ಕೊನೆ ದಿನವೂ ಗೊತ್ತಿರಲಿ. ಮತದಾನಕ್ಕೆ 12 ಕೆಲಸದ ದಿನಗಳ ಮೊದಲು ಬಾಗಿಲು ಮುಚ್ಚುತ್ತದೆ. 2014ರಲ್ಲಿ ಮತದಾನ ಸೆಪ್ಟೆಂಬರ್ 18, ನೋಂದಣಿಗೆ ಕೊನೆ ದಿನ ಸೆಪ್ಟೆಂಬರ್ 2. ಊರಲ್ಲೆಲ್ಲ ಯೆಸ್, ನೋ ಸ್ಟಿಕ್ಕರ್ ಕಂಡು ಉತ್ಸಾಹ ಬರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ.

ಅಮೆರಿಕದ ಅಣ್ಣನ ಮಾತು ಇಲ್ಲಿಗಲ್ಲ

ಹೆಸರು ಸೇರಿಸಿ ಎಂದರೆ ಕೆಲವರು ಬೆಚ್ಚಿಬೀಳುತ್ತಾರೆ. ನ್ಯೂಜೆರ್ಸಿಯಲ್ಲಿರುವ ಅಣ್ಣ ಹೇಳಿರುತ್ತಾನೆ: "ಸಿಟಿಜನ್ ಆಗದೆ ಓಟು ಹಾಕಿದರೆ ಗಡೀಪಾರು ಮಾಡ್ತಾರೆ ಕಣೋ." ಅಮೆರಿಕದ ಮಟ್ಟಿಗೆ ಅವನು ಹೇಳಿದ್ದು ಸರಿ, ಅಲ್ಲಿ ಅದು ಅಪರಾಧ. ಇಲ್ಲಿ ಅದು ಹಕ್ಕು. ವೀಸಾದ ಮೇಲೆ "ಸರ್ಕಾರಿ ನೆರವು ಪಡೆಯುವಂತಿಲ್ಲ" ಎಂದು ಬರೆದಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಓಟು ಸರ್ಕಾರಿ ನೆರವಲ್ಲ. ಭಾರತದ ಪೌರತ್ವಕ್ಕೂ ಧಕ್ಕೆಯಿಲ್ಲ. ಅದು ಹೋಗುವುದು ಬೇರೆ ದೇಶದ ಪೌರತ್ವ ತೆಗೆದುಕೊಂಡಾಗ.

ಊರಿನ ಓಟನ್ನೂ ಉಳಿಸಿಕೊಳ್ಳಬೇಕೆನ್ನುವವರು ಅನಿವಾಸಿ ಮತದಾರರಾಗಿ ಫಾರ್ಮ್ 6ಎ ತುಂಬಬಹುದು. ಆದರೆ ಮತದಾನದ ದಿನ ನೀವೇ ಆ ಬೂತಿಗೆ ಹೋಗಬೇಕು. ಬೆಂಗಳೂರಿಗೆ ಟಿಕೆಟ್ ಹಾಕಿ ಓಟು ಮಾಡಿ ಬರುವಷ್ಟು ಯಾರಿಗೆ ಪುರುಸೊತ್ತು?

ಆ ದಿನ

ಮತದಾನ ಸಾಮಾನ್ಯವಾಗಿ ಗುರುವಾರ. ರಜೆ ಇಲ್ಲ! ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಬೂತ್ ತೆರೆದಿರುತ್ತದೆ, ಆಫೀಸಿಗೆ ಮುಂಚೆಯೋ ನಂತರವೋ ಹೋಗಿ ಬನ್ನಿ. ಬೆರಳಿಗೆ ಶಾಯಿ ಇಲ್ಲ, ಯಂತ್ರ ಇಲ್ಲ. ಕಾಗದ, ದಾರ ಕಟ್ಟಿದ ಪೆನ್ಸಿಲ್. ಪೆನ್ಸಿಲ್ ಗುರುತನ್ನು ಅಳಿಸಿಬಿಡುತ್ತಾರೆ ಎಂಬ ವದಂತಿ ಇಲ್ಲಿಯೂ ಇದೆ. ನಂಬಿಕೆ ಇಲ್ಲದವರು ಸ್ವಂತ ಪೆನ್ನು ಒಯ್ಯಬಹುದು, ಯಾರೂ ತಡೆಯಲ್ಲ. ನಮ್ಮ ಇವಿಎಂ ಬಗ್ಗೆ ನಾವು ಮಾಡುವ ಅನುಮಾನ ನೆನೆದು ನನಗೆ ನಗು ಬಂತು.

ಗುರುತಿನ ಚೀಟಿಯ ನಿಯಮ ಚುನಾವಣೆಗೊಂದು ಥರ. ಸ್ಕಾಟಿಷ್ ಪಾರ್ಲಿಮೆಂಟಿಗೆ, ಕೌನ್ಸಿಲ್‌ಗೆ ಫೋಟೋ ಐಡಿ ಬೇಕಿಲ್ಲ. ಲಂಡನ್ ಪಾರ್ಲಿಮೆಂಟಿಗೆ ಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಏಕೆಂದರೆ ಕಾಮನ್‌ವೆಲ್ತ್ ಪಾಸ್‌ಪೋರ್ಟ್ ಆ ಪಟ್ಟಿಯಲ್ಲಿದೆ. ಫೋನಿನಲ್ಲಿ ಇ-ವೀಸಾ ತೋರಿಸಿದರೆ ನಡೆಯಲ್ಲ. ವಯಸ್ಸೂ ಹಾಗೆಯೇ, ಸ್ಕಾಟಿಷ್ ಚುನಾವಣೆಗೆ 16. ಮಕ್ಕಳ ಹೆಸರನ್ನು 14ಕ್ಕೇ ಪಟ್ಟಿಗೆ ಕೊಟ್ಟಿಡಬಹುದು.

ಸ್ಕಾಟಿಷ್ ಪಾರ್ಲಿಮೆಂಟಿಗೆ ಎರಡು ಕಾಗದ ಕೊಡುತ್ತಾರೆ. ಒಂದು ನಿಮ್ಮ ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪ್ರಾದೇಶಿಕ ಪಟ್ಟಿಯ ಪಕ್ಷಕ್ಕೆ. ಕ್ಷೇತ್ರಗಳಲ್ಲಿ ಜಾಸ್ತಿ ಗೆದ್ದ ಪಕ್ಷಕ್ಕೆ ಎರಡನೇ ಕಾಗದದಲ್ಲಿ ಸ್ಥಾನ ಕಡಿಮೆ ಬರುತ್ತದೆ. 2021ರಲ್ಲಿ ಎಸ್‌ಎನ್‌ಪಿಗೆ ಹತ್ತು ಲಕ್ಷ ಮೀರಿ ಪಟ್ಟಿ ಓಟು ಬಂದಿತ್ತು, ಅದರಿಂದ ಸಿಕ್ಕಿದ್ದು 2 ಸ್ಥಾನ. "ಇನ್ನೊಂದು ರೆಫರೆಂಡಮ್ ಬೇಕಾದರೆ ಎರಡನೇ ಓಟು ಯಾರಿಗೆ" ಎಂಬ ಜಗಳದ ಮೂಲ ಇದು. ಲಂಡನ್ ಚುನಾವಣೆ ನಮ್ಮ ಹಾಗೆಯೇ, ಮುಂದಿದ್ದವನು ಗೆದ್ದ. 2024ರಲ್ಲಿ ಎಸ್‌ಎನ್‌ಪಿಗೆ ಶೇ 30ರಷ್ಟು ಓಟು, 57ರಲ್ಲಿ 9 ಸ್ಥಾನ. ಲೇಬರ್‌ಗೆ ಸುಮಾರು ಶೇ 35, 37 ಸ್ಥಾನ. ಎರಡನ್ನೂ ನೋಡಿದ ಮೇಲೆ ಎಡಿನ್‌ಬರೊದ ಲೆಕ್ಕವೇ ನ್ಯಾಯ ಅನ್ನಿಸುತ್ತದೆ. ನಮ್ಮ ವಿಧಾನಸಭೆಗೂ ಇದು ಬಂದಿದ್ದರೆ ಎಂದು ಆಸೆಯಾಗುತ್ತದೆ. ಕೌನ್ಸಿಲ್ ಚುನಾವಣೆಯಲ್ಲಿ ಮಾತ್ರ ಎಚ್ಚರ, ಅಲ್ಲಿ ಗುಣಾಕಾರದ ಗುರುತಲ್ಲ, 1, 2, 3 ಎಂದು ಇಷ್ಟದ ಕ್ರಮದಲ್ಲಿ ಅಂಕಿ ಬರೆಯಬೇಕು.

ಅಂಚೆ ಮತ ಕೇಳುವವರು ಸಹಿ ಬಗ್ಗೆ ಜೋಪಾನ. ಅರ್ಜಿಯಲ್ಲಿ ಹಾಕಿದ ಸಹಿ, ಮತದ ಜೊತೆ ಕಳಿಸುವ ಸಹಿ ಎರಡೂ ಹೊಂದಬೇಕು. ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ಸಹಿ ಮಾಡುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಕನ್ನಡದಲ್ಲೇ ಮಾಡಿ, ಅಡ್ಡಿಯಿಲ್ಲ, ಎರಡೂ ಕಡೆ ಅದನ್ನೇ ಮಾಡಿ.

ವೀಸಾ, ತೆರಿಗೆ, ಮತ್ತು ಆಫೀಸಿನ ಮಾತು

ಮೊದಲ ಪ್ರಶ್ನೆಗೆ ಉತ್ತರ ಬಾಕಿ ಇದೆ. ವಲಸೆ ಈಗ ಪೂರ್ತಿ ಲಂಡನ್ ಕೈಯಲ್ಲಿದೆ. ಬೇರೆಯಾದರೆ ಸ್ಕಾಟ್ಲೆಂಡ್ ತನ್ನದೇ ವೀಸಾ ಕಾನೂನು ಮಾಡಬೇಕು. ನಿಮ್ಮ ಐಎಲ್‌ಆರ್ ವರ್ಷಗಳು ಹೇಗೆ ಎಣಿಕೆಯಾಗುತ್ತವೆ ಎಂಬುದು ಆಗ ಮಾತುಕತೆಯಲ್ಲಿ ತೀರ್ಮಾನವಾಗುವ ವಿಷಯ. ಈಗ ಇರುವುದೆಲ್ಲ ಪ್ರಸ್ತಾಪ ಮಾತ್ರ. ಯಾರಾದರೂ ಖಡಾಖಂಡಿತ ಹೇಳಿದರೆ, ಅದು ಯೆಸ್ ಕಡೆಯವರಾಗಲಿ ನೋ ಕಡೆಯವರಾಗಲಿ, ನಂಬಬೇಡಿ. ದುಡ್ಡು ತೆಗೆದುಕೊಂಡು ಸಲಹೆ ಕೊಡುವ ಏಜೆಂಟ್ ಹೇಳಿದರೆ ಮೊದಲೇ ನಂಬಬೇಡಿ.

ಸ್ವಾತಂತ್ರ್ಯ ಬರದೆಯೇ ಬೇರೆಯಾಗಿರುವುದು ತೆರಿಗೆ. ಸ್ಕಾಟ್ಲೆಂಡಿನಲ್ಲಿ ವಾಸವಿದ್ದರೆ ಸಂಬಳದ ತೆರಿಗೆ ಇಲ್ಲಿನ ದರದಲ್ಲಿ, ಕಂಪನಿ ಲಂಡನ್ನಿನಲ್ಲಿದ್ದರೂ ಸರಿ. ಇಲ್ಲಿ 43,662 ಪೌಂಡ್ ದಾಟಿದ ಮೇಲೆ ಶೇ 42, ಇಂಗ್ಲೆಂಡಿನಲ್ಲಿ 50,270 ದಾಟಿದ ಮೇಲೆ ಶೇ 40. ಪೇಸ್ಲಿಪ್ಪಿನಲ್ಲಿ ಟ್ಯಾಕ್ಸ್ ಕೋಡ್ "ಎಸ್" ಅಕ್ಷರದಿಂದ ಶುರುವಾಗಬೇಕು. ಆಗಿಲ್ಲ ಎಂದರೆ ನಿಮ್ಮ ವಿಳಾಸ ತೆರಿಗೆ ಇಲಾಖೆಯಲ್ಲಿ ಹಳೆಯದೇ ಇದೆ ಎಂದರ್ಥ, ಬಾಕಿ ಬಿಲ್ಲು ಬರುತ್ತದೆ. ಔಷಧಿ ಚೀಟಿಗೆ ಇಲ್ಲಿ ದುಡ್ಡಿಲ್ಲ, ಇಂಗ್ಲೆಂಡಿನಲ್ಲಿ ಇದೆ. ಲಾಭವೋ ನಷ್ಟವೋ ನಿಮ್ಮ ಸಂಬಳ, ನಿಮ್ಮ ಆರೋಗ್ಯದ ಮೇಲೆ ಬಿಟ್ಟದ್ದು.

ಆಫೀಸಿನಲ್ಲಿ ಮಾತ್ರ "ನೀವು ಯೆಸ್ಸಾ ನೋನಾ" ಎಂದು ನೀವಾಗಿ ಕೇಳಲು ಹೋಗಬೇಡಿ. 2014ರಲ್ಲಿ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಇದ್ದ ಮನೆಗಳು ಇಲ್ಲಿ ಬೇಕಾದಷ್ಟಿವೆ, ಅದರ ಕಹಿ ಕೆಲವರಲ್ಲಿ ಇನ್ನೂ ಆರಿಲ್ಲ. ಅವರೇ ಮಾತು ತೆಗೆದರೆ ಕೇಳಿಸಿಕೊಳ್ಳಿ. ಒಬ್ಬರು ಪೌಂಡ್, ಪಿಂಚಣಿ, ಇಂಗ್ಲೆಂಡ್ ಗಡಿಯ ಬಗ್ಗೆ ಹೇಳುತ್ತಾರೆ. ಇನ್ನೊಬ್ಬರು ನಾವು ಆರಿಸದ ಸರ್ಕಾರ ನಮ್ಮನ್ನು ಆಳುವುದೇಕೆ ಎನ್ನುತ್ತಾರೆ. ಆಮೇಲೆ ಹೆಚ್ಚಿನವರು ಒಂದು ಪ್ರಶ್ನೆ ಕೇಳುತ್ತಾರೆ: "ನಿಮಗೂ ಓಟಿದೆ ಅಲ್ವಾ?" ನಮಗಿಂತ ಅವರಿಗೇ ಅದು ಚೆನ್ನಾಗಿ ಗೊತ್ತು.